ಬಲ ಯಾರಿಗಾಗಿ?

ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಆಕಾಶದಲ್ಲಿ ಹಾರುವ, ಓಡುವ ರೈಲನ್ನು ಬರಿಗೈಯಲ್ಲಿ ತಡೆಯುವ, ಗುಂಡು ತಾಗಿದರೂ ಸಾಯದ ಮಹಾವೀರನೊಬ್ಬನ ಸಿನಿಮಾ ಕೋಟ್ಯಂತರ ಜನರನ್ನು ಸೆಳೆಯುತ್ತದೆ. ಅದೇ ಬಗೆಯ, ಅಷ್ಟೇ ಹಣ ಸುರಿದು ಮಾಡಿದ, ಅಷ್ಟೇ ಪ್ರಚಾರ ಪಡೆದ ಮತ್ತೊಂದು ಸಿನಿಮಾ ಎರಡನೆಯ ವಾರಕ್ಕೆ ಖಾಲಿ ಕುರ್ಚಿಗಳ ಮುಂದೆ ಓಡುತ್ತದೆ. ಇಬ್ಬರಿಗೂ ಹಾರಲು ಬರುತ್ತದೆ, ಇಬ್ಬರೂ ದುಷ್ಟರನ್ನು ಸದೆಬಡಿಯುತ್ತಾರೆ. ಹಾಗಿದ್ದರೂ ಒಬ್ಬನಿಗೆ ಜನರ ಚಪ್ಪಾಳೆ, ಇನ್ನೊಬ್ಬನಿಗೆ ಜನರ ಆಕಳಿಕೆ. ಏಕೆ ಹೀಗೆ?

ಇದು ಚಿತ್ರೋದ್ಯಮಿಗಳು ತಲೆ ಕೆಡಿಸಿಕೊಳ್ಳಬೇಕಾದ ಲೆಕ್ಕಾಚಾರ, ನಮಗೇಕೆ ಎಂದು ನೀವು ಕೇಳಬಹುದು. ಆದರೆ ಒಂದು ಜನಸಮುದಾಯ ಯಾವ ವೀರನಿಗೆ ಮನಸೋಲುತ್ತದೆ, ಯಾವನಿಗೆ ಬೆನ್ನು ತಿರುಗಿಸುತ್ತದೆ ಎಂಬುದು ಆ ಸಮುದಾಯ ಯಾವುದನ್ನು ಹಿರಿದೆಂದು ನಂಬಿದೆ ಎಂಬುದನ್ನೂ ಹೇಳುತ್ತದೆ. ಆದ್ದರಿಂದ ಇದು ಕೇವಲ ಟಿಕೆಟ್ಟಿನ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಹೌದು. ಇದಕ್ಕೆ ಉತ್ತರ ಹುಡುಕಲು ಅಮೆರಿಕೆಗೆ ಹೋಗುವ ಮೊದಲು ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ಈ ಸೀಮೆಯಲ್ಲಿಯೇ ಒಂದಿಷ್ಟು ದೂರ ನಡೆದು ನೋಡೋಣ.

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯವಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಅದನ್ನು ಕಟ್ಟಿಸಿದನು. ಅದರ ಹೊರಭಾಗದ ಫಲಕಗಳನ್ನು ಗಮನವಿಟ್ಟು ನೋಡಿದವರಿಗೆ ಅದೊಂದು ಕಲ್ಲಿನ ಚಲನಚಿತ್ರದಂತೆ ಕಾಣುತ್ತದೆ. ದಕ್ಷಿಣದ ಬದಿಯಲ್ಲಿ ರಾಮಾಯಣದ 70 ಫಲಕಗಳು. ಉತ್ತರದ ಬದಿಯಲ್ಲಿ ಕೃಷ್ಣನ ಬದುಕಿನ 25 ಮತ್ತು ಮಹಾಭಾರತದ 45 ಫಲಕಗಳು. ಒಟ್ಟು 140 ದೃಶ್ಯಗಳು. ಎಂಟು ನೂರು ವರ್ಷಗಳ ಹಿಂದೆ ಓದುಬರಹ ಬಾರದ ಒಕ್ಕಲಿಗನೊಬ್ಬ ಮಕ್ಕಳ ಕೈಹಿಡಿದು ಇದರ ಸುತ್ತ ನಡೆದಾಗ, ಅವನ ಕಣ್ಣ ಮುಂದೆ ಒಂದರ ಹಿಂದೊಂದು ದೃಶ್ಯಗಳು ಸರಿದಿರಬೇಕು. ಮನುಷ್ಯನಿಗೆ ಮಹಾವೀರರ ಕಥೆ ಬೇಕು ಎಂಬುದು ಚಲನಚಿತ್ರ ಹುಟ್ಟಿಸಿದ ಚಪಲವಲ್ಲ. ಅದು ಬಹಳ ಹಳೆಯ ಹಸಿವು.

ಆ ಹಸಿವು ನಿಜವಾಗಿ ಯಾವುದಕ್ಕೆ ಎಂಬುದನ್ನು ತಿಳಿಯಲು ಇನ್ನೊಂದು ಬಗೆಯ ಕಲ್ಲನ್ನು ನೋಡಬೇಕು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ವೀರಗಲ್ಲುಗಳು ಇಂದಿಗೂ ಕಾಣಸಿಗುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಹಂತಗಳಿರುತ್ತವೆ: ಕೆಳಗೆ ಕಾಳಗ, ನಡುವೆ ಮಡಿದವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಇವುಗಳಲ್ಲಿ ಹಲವು ತುರುಗೋಳಿನಲ್ಲಿ, ಅಂದರೆ ಊರಿನ ದನಗಳನ್ನು ಹಿಡಿದೊಯ್ಯಲು ಬಂದ ಶತ್ರುಗಳೊಡನೆ ಹೋರಾಡಿ ಸತ್ತವರ ನೆನಪಿನವು. ದನವೇ ಸಂಪತ್ತಾಗಿದ್ದ ನಾಡು ಇದು. ಮೈಸೂರಿನ ಸೈನ್ಯದ ಫಿರಂಗಿಗಳನ್ನು ಎಳೆದು ಹೆಸರಾದ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿಯೇ ಇದೆ. ಹಾಗಾಗಿ ದನ ಉಳಿಸಲು ಪ್ರಾಣ ಕೊಡುವುದು ಎಂದರೆ ಏನೆಂದು ಈ ಮಣ್ಣಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ವೀರಗಲ್ಲುಗಳಲ್ಲಿ ಒಂದು ವಿಶೇಷವನ್ನು ಗಮನಿಸಿ. ಅಲ್ಲಿ ನಿಂತವನು ಹೆಚ್ಚಾಗಿ ಗೆದ್ದವನಲ್ಲ, ಸತ್ತವನು. ಅವನು ಎಷ್ಟು ಬಲಶಾಲಿಯಾಗಿದ್ದ ಎಂದು ಊರು ಅಳೆಯಲಿಲ್ಲ. ಬಲವಂತರು ಊರಲ್ಲಿ ಇನ್ನೂ ಅನೇಕರು ಇದ್ದಿರಬಹುದು. ಇವನು ಹೋದ; ಪರರಿಗಾಗಿ ಹೋದ; ಮರಳಿ ಬರಲಿಲ್ಲ. ಊರು ಕಲ್ಲು ನಿಲ್ಲಿಸಿದ್ದು ಅವನ ತೋಳಿಗಲ್ಲ, ಅವನು ತೆತ್ತ ಬೆಲೆಗೆ.

ನನಗೆ ತೋರುವಂತೆ, ನಾವು ಕೇಳಿದ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ಈ ಕಲ್ಲಿನಲ್ಲಿದೆ. ಜನ ಹಣ ಕೊಟ್ಟು ನೋಡಲು ಹೋಗುವುದು ಬಲವನ್ನಲ್ಲ; ಬಲ ಯಾರಿಗಾಗಿ ವೆಚ್ಚವಾಗುತ್ತದೆ, ಅದಕ್ಕೆ ಬಲಶಾಲಿ ತೆರುವ ಬೆಲೆಯೇನು ಎಂಬುದನ್ನು. ಆ ಬೆಲೆ ಕಾಣದ ಕಡೆ ಎಷ್ಟೇ ಬೆಂಕಿ ಹೊತ್ತಿಕೊಂಡರೂ, ಎಷ್ಟೇ ಕಟ್ಟಡಗಳು ಉರುಳಿದರೂ ನೋಡುಗನ ಹೃದಯ ಕದಲುವುದಿಲ್ಲ.

ನಮ್ಮ ಸೀಮೆಯ ಮಹಾಕವಿಯೊಬ್ಬನು ಇದನ್ನು ಚೆನ್ನಾಗಿ ಬಲ್ಲವನಾಗಿದ್ದನು. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ 'ಜೈಮಿನಿ ಭಾರತ'ವು ಕನ್ನಡದ ಮನೆಮನೆಗಳಲ್ಲಿ ವಾಚನಗೊಂಡ ಕಾವ್ಯ. ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ ಹೊರಟ ಅರ್ಜುನನೇ ಅಲ್ಲಿನ ಪ್ರಸಿದ್ಧ ವೀರ. ಕುರುಕ್ಷೇತ್ರವನ್ನೇ ಗೆದ್ದು ಬಂದವನಿಗೆ ಎದುರು ಯಾರು? ಹಾಗೆಂದು ಅವನನ್ನು ಊರಿಂದೂರಿಗೆ ಬರಿದೇ ಗೆಲ್ಲಿಸುತ್ತ ಹೋಗಿದ್ದರೆ ಆ ಕಾವ್ಯವನ್ನು ಯಾರೂ ಕೇಳುತ್ತಿರಲಿಲ್ಲ. ಕವಿ ಅವನನ್ನು ಮಣಿಪುರದಲ್ಲಿ ತನ್ನ ಸ್ವಂತ ಮಗ ಬಭ್ರುವಾಹನನ ಮುಂದೆ ನಿಲ್ಲಿಸುತ್ತಾನೆ. ಪ್ರೀತಿಯಿಂದ ಎದುರುಗೊಳ್ಳಲು ಬಂದ ಮಗನನ್ನು ಅರ್ಜುನ ಅವಮಾನಿಸುತ್ತಾನೆ. ಅವನ ತಾಯಿಯ ಮಾನವನ್ನೂ ನೋಯಿಸುತ್ತಾನೆ. ಯುದ್ಧವಾಗುತ್ತದೆ, ಗಾಂಡೀವಧಾರಿ ಮಗನ ಬಾಣಕ್ಕೆ ಬಲಿಯಾಗುತ್ತಾನೆ. ಆಮೇಲೆ ನಾಗಲೋಕದ ಮಣಿಯಿಂದ ಅವನು ಬದುಕಿ ಬಂದರೂ, ಕೇಳುಗನ ಮನದಲ್ಲಿ ಉಳಿಯುವುದು ಮಣಿಯ ಮಹಿಮೆಯಲ್ಲ. ಗಂಡ ಸತ್ತದ್ದು ಮಗನ ಕೈಯಲ್ಲಿ ಎಂದು ತಿಳಿದ ತಾಯಿಯ ಗೋಳು ಅಲ್ಲಿ ಉಳಿಯುತ್ತದೆ.

1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ಇದೇ ಕಥೆಯನ್ನು 'ಬಭ್ರುವಾಹನ' ಎಂಬ ಚಿತ್ರವಾಗಿಸಿದರು. ಅರ್ಜುನ ಮತ್ತು ಬಭ್ರುವಾಹನ ಎರಡೂ ಪಾತ್ರಗಳಲ್ಲಿ ಡಾ. ರಾಜಕುಮಾರ್ ಅವರೇ ನಟಿಸಿದರು. ಇಂದಿನ ಗಣಕಯಂತ್ರದ ಚಮತ್ಕಾರಗಳ ಮುಂದೆ ಅಂದಿನ ತಂತ್ರಗಳು ಮಕ್ಕಳಾಟವೆನಿಸಬಹುದು. ಆದರೂ ತಂದೆ ಮಗ ಎದುರುಬದುರು ನಿಂತು ಮಾತಿಗೆ ಮಾತು ಬೆಳೆಸುವ ಆ ದೃಶ್ಯವನ್ನು ಕನ್ನಡಿಗರು ಇಂದಿಗೂ ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಬಾಣಗಳಿಗಿಂತ ಆ ಅವಮಾನ ಆಳವಾಗಿ ನಾಟಿದ್ದರಿಂದಲೇ ಅದು ಉಳಿಯಿತು.

ಈಗ ಹೊರಗಿನ ಮಹಾವೀರರ ಕಡೆಗೆ ತಿರುಗೋಣ. ಸೂಪರ್‌ಮ್ಯಾನ್ 1938ರಲ್ಲಿ ಅಮೆರಿಕದ ಚಿತ್ರಕಥಾ ಪತ್ರಿಕೆಯೊಂದರಲ್ಲಿ ಹುಟ್ಟಿದವನು. 1978ರ ಚಲನಚಿತ್ರ ಅವನನ್ನು ಜಗತ್ತಿಗೆಲ್ಲ ಪರಿಚಯಿಸಿತು. ಅದರಲ್ಲಿ, ಎಲ್ಲ ಶಕ್ತಿ ಇದ್ದರೂ ತನ್ನನ್ನು ಸಾಕಿದ ತಂದೆಯನ್ನು ಉಳಿಸಿಕೊಳ್ಳಲಾಗದ ಮಗನ ಸಂಕಟವಿತ್ತು. ಅದೇ ಸರಣಿಯ ನಾಲ್ಕನೆಯ ಚಿತ್ರ 1987ರಲ್ಲಿ ಬಂತು. ಅದರಲ್ಲಿ ವೀರನು ಜಗತ್ತಿನ ಅಣ್ವಸ್ತ್ರಗಳನ್ನೆಲ್ಲ ಒಟ್ಟುಗೂಡಿಸಿ ಸೂರ್ಯನೊಳಗೆ ಎಸೆಯುತ್ತಾನೆ. ಉದ್ದೇಶವೇನೋ ಶಾಂತಿಯೇ. ಆದರೆ ಚಿತ್ರ ಸೋತಿತು. ನಿರ್ಮಾಣದ ಹಣ ಕಡಿತಗೊಂಡು ದೃಶ್ಯಗಳು ಅಗ್ಗವಾಗಿ ಕಂಡದ್ದು ಒಂದು ಕಾರಣ, ನಿಜ. ಇನ್ನೊಂದು ಕಾರಣವನ್ನೂ ನೀವು ಯೋಚಿಸಿ ನೋಡಿ: ಯಾವ ಮನುಷ್ಯನೂ ಮನಸ್ಸು ಬದಲಿಸದೆ, ಯಾವ ರಾಷ್ಟ್ರವೂ ತನ್ನ ಭಯವನ್ನು ಬಿಡದೆ, ಆಕಾಶದಿಂದ ಬಂದ ಒಂದು ಕೈ ಶಾಂತಿಯನ್ನು ಕೊಟ್ಟುಬಿಟ್ಟರೆ ಅದನ್ನು ನಂಬುವುದು ಹೇಗೆ?

ಇದಕ್ಕೆ ಪ್ರತಿಯಾಗಿ 2002ರಲ್ಲಿ ಬಂದ 'ಸ್ಪೈಡರ್‌ಮ್ಯಾನ್' ಮೊದಲ ವಾರಾಂತ್ಯದ ಮೂರೇ ದಿನಗಳಲ್ಲಿ ಅಮೆರಿಕದಲ್ಲಿ ಹತ್ತು ಕೋಟಿ ಡಾಲರ್ ದಾಟಿದ ಮೊದಲ ಚಿತ್ರವಾಯಿತು. ಅದರ ನಾಯಕ ಯಾರು? ತಂದೆತಾಯಿ ಇಲ್ಲದ, ಸಹಪಾಠಿಗಳ ಗೇಲಿಗೆ ಗುರಿಯಾದ ಬಡ ಹುಡುಗ. ಶಕ್ತಿ ಬಂದೊಡನೆ ಅವನು ಅದನ್ನು ಹಣ ಗಳಿಸಲು ಬಳಸುತ್ತಾನೆ. ತನಗೆ ಮೋಸ ಮಾಡಿದವನ ಮೇಲಿನ ಸಿಟ್ಟಿಗೆ ಓಡುವ ಕಳ್ಳನೊಬ್ಬನನ್ನು ತಡೆಯದೆ ಬಿಡುತ್ತಾನೆ. ಆ ನಿರ್ಲಕ್ಷ್ಯದ ಫಲವಾಗಿ ಸಾಕಿದ ಚಿಕ್ಕಪ್ಪನೇ ಸಾಯುತ್ತಾನೆ. 2004ರ ಎರಡನೆಯ ಚಿತ್ರದಲ್ಲಿ ಅವನು ಬಾಡಿಗೆ ಕಟ್ಟಲಾಗದೆ ಮನೆಯ ಒಡೆಯನ ಕಣ್ಣು ತಪ್ಪಿಸಿ ಓಡಾಡುತ್ತಾನೆ. ತಡೆಯಿಲ್ಲದೆ ಓಡುವ ರೈಲನ್ನು ತನ್ನ ಮೈಯನ್ನೇ ಒಡ್ಡಿ ನಿಲ್ಲಿಸಿ ಎಚ್ಚರ ತಪ್ಪಿ ಬೀಳುವಾಗ ಪ್ರಯಾಣಿಕರು ಅವನನ್ನು ಕೈಗಳ ಮೇಲೆ ಎತ್ತಿ ಒಳಗೆ ತರುತ್ತಾರೆ. ಮುಖವಾಡವಿಲ್ಲದ ಆ ಮುಖ ತಮ್ಮ ಮನೆಯ ಹುಡುಗನಷ್ಟೇ ಎಳೆಯದೆಂದು ಕಂಡು ಬೆರಗಾಗುತ್ತಾರೆ. ಉಳಿಸಿದವನನ್ನು ಉಳಿದವರು ಎತ್ತಿ ಹಿಡಿಯುವ ಈ ದೃಶ್ಯ ನಮ್ಮ ವೀರಗಲ್ಲಿನ ನಡುಹಂತವನ್ನು ನೆನಪಿಸುವುದಿಲ್ಲವೇ?

ನಮ್ಮ ದೇಶದಲ್ಲಿಯೂ ಇದೇ ಮಾತು ದಿಟವಾಗಿದೆ. 2003ರ 'ಕೋಯಿ ಮಿಲ್ ಗಯಾ' ಬುದ್ಧಿ ಮಂದವಾದ, ಎಲ್ಲರ ತಾತ್ಸಾರಕ್ಕೆ ಒಳಗಾದ ಯುವಕನ ಕಥೆ. 2006ರ 'ಕ್ರಿಶ್' ಅವನ ಮಗನ ಕಥೆ. ಅಜ್ಜಿಯ ಮಡಿಲಲ್ಲಿ ಬೆಳೆದು, ಶಕ್ತಿಯನ್ನು ಬಚ್ಚಿಟ್ಟುಕೊಂಡು ಬದುಕಬೇಕಾದವನು ಅವನು. ಎರಡೂ ಚಿತ್ರಗಳು ಗೆದ್ದವು. 2008ರ 'ದ್ರೋಣ' ದೊಡ್ಡ ತಾರೆಯರಿದ್ದರೂ ನೆಲಕಚ್ಚಿತು. 2011ರ 'ರಾ.ಒನ್' ಅಪಾರ ವೆಚ್ಚದ ಬೆರಗಿನ ದೃಶ್ಯಗಳಿಂದ ಜನರನ್ನು ಸೇರಿಸಿತಾದರೂ ಆ ವೆಚ್ಚಕ್ಕೆ ತಕ್ಕ ಒಲವನ್ನು ಗಳಿಸಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಮಲಯಾಳದ 'ಲೋಕಾ' ಇವುಗಳಿಗೆ ಹೋಲಿಸಿದರೆ ಅಲ್ಪ ವೆಚ್ಚದ ಚಿತ್ರ. ಕೇರಳದ ಯಕ್ಷಿಯ ಜನಪದ ಕಥೆಯನ್ನು ಬೆಂಗಳೂರಿನ ಬಾಡಿಗೆ ಮನೆಗೆ ತಂದು, ರಾತ್ರಿಪಾಳಿಯಲ್ಲಿ ದುಡಿಯುವ ಒಂಟಿ ಹೆಣ್ಣನ್ನು ನಾಯಕಿಯಾಗಿಸಿದ ಅದು ಮಲಯಾಳ ಚಿತ್ರರಂಗದ ಅತಿ ದೊಡ್ಡ ಗಳಿಕೆಯ ಚಿತ್ರಗಳಲ್ಲಿ ಒಂದಾಯಿತು. ತನ್ನವರ ಮೇಲೆ ನಡೆದ ಅನ್ಯಾಯದ ನೋವು ಅವಳ ಶಕ್ತಿಯ ಬೆನ್ನಿಗಿತ್ತು.

ಗಲ್ಲಾಪೆಟ್ಟಿಗೆ ಧರ್ಮಪೀಠವೇನೂ ಅಲ್ಲ. ಈ ಮಾತನ್ನೂ ಪ್ರಾಮಾಣಿಕವಾಗಿ ಹೇಳಲೇಬೇಕು. ಚಿತ್ರದ ಸೋಲುಗೆಲುವಿಗೆ ಬಿಡುಗಡೆಯ ದಿನ, ಪರದೆಗಳ ಸಂಖ್ಯೆ, ಹಬ್ಬ, ಪರೀಕ್ಷೆ, ಮಳೆ ಎಲ್ಲವೂ ಕಾರಣವಾಗುತ್ತವೆ. 2019ರ 'ಅವೆಂಜರ್ಸ್: ಎಂಡ್‌ಗೇಮ್' ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು, ಅದೇ ಸಂಸ್ಥೆಯ 'ದಿ ಮಾರ್ವೆಲ್ಸ್' 2023ರ ನವೆಂಬರ್‌ನಲ್ಲಿ ಬಂದು ಆ ಸರಣಿಯಲ್ಲಿಯೇ ಅತಿ ಕಡಿಮೆ ಗಳಿಕೆ ಕಂಡಿತು. ನಟರ ಮುಷ್ಕರದಿಂದ ಪ್ರಚಾರ ನಿಂತಿತ್ತು. ಕಥೆ ತಿಳಿಯಲು ಮನೆಯ ಪರದೆಯ ಧಾರಾವಾಹಿಗಳನ್ನೂ ನೋಡಿರಬೇಕಿತ್ತು. ಸ್ವಲ್ಪ ಕಾದರೆ ಮನೆಯಲ್ಲೇ ನೋಡಬಹುದೆಂದು ಜನ ಕಲಿತಿದ್ದರು. ಇವೆಲ್ಲ ವ್ಯವಹಾರದ ಕಾರಣಗಳು. ಆದರೆ ಮೊದಲನೆಯ ಚಿತ್ರದ ಕೊನೆಯಲ್ಲಿ, ಆರಂಭದಲ್ಲಿ ತನ್ನ ಹಣ ಮತ್ತು ಹೆಸರನ್ನೇ ಮೆರೆದಿದ್ದ ವೀರನೊಬ್ಬನು ಪುಟ್ಟ ಮಗಳನ್ನು ಬಿಟ್ಟು, ಎಲ್ಲರಿಗಾಗಿ ಪ್ರಾಣ ತೆತ್ತನು ಎಂಬುದನ್ನು ಮರೆಯಲಾಗದು. ಜನ ಹನ್ನೊಂದು ವರ್ಷ ಅವನ ಹಿಂದೆ ನಡೆದು ಬಂದಿದ್ದರು. ಅಂತಹ ಬೆಲೆ ತೆತ್ತ ಮೇಲೆ, ಬರಿಯ ಬಲವನ್ನು ತೋರಿಸಿ ಅವರನ್ನು ಮತ್ತೆ ಕರೆತರುವುದು ಕಷ್ಟ.

ಮೊದಲ ಮೂರು ದಿನದ ಜನಜಂಗುಳಿಯನ್ನು ಪ್ರಚಾರ ತರಬಲ್ಲದು, ತಾರೆಯ ಹೆಸರು ತರಬಲ್ಲದು. ಮೂರನೆಯ ವಾರದ ಜನರನ್ನು ತರುವುದು ಬಾಯಿಂದ ಬಾಯಿಗೆ ಹರಡುವ ಮಾತು. ಸಂತೆಯಲ್ಲಿ, ಬಸ್ಸಿನಲ್ಲಿ, ಬೀರೂರಿನ ರೈಲುನಿಲ್ದಾಣದಲ್ಲಿ ಒಬ್ಬರು ಇನ್ನೊಬ್ಬರಿಗೆ 'ನೋಡಿ ಬನ್ನಿ' ಎನ್ನುವಾಗ ಅವರು ಹೊಡೆದಾಟಗಳನ್ನು ಲೆಕ್ಕ ಹಾಕಿ ಹೇಳುವುದಿಲ್ಲ. ತಮ್ಮನ್ನು ಅಳಿಸಿದ ಒಂದು ಗಳಿಗೆಯನ್ನು ಹೇಳುತ್ತಾರೆ.

ಇದಕ್ಕೆ ಕನ್ನಡದಲ್ಲಿರುವ ಅತಿ ದೊಡ್ಡ ಸಾಕ್ಷಿ, ಹಾರಲು ಬಾರದ ಒಬ್ಬ ನಾಯಕನದು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ 'ಬಂಗಾರದ ಮನುಷ್ಯ' 1972ರಲ್ಲಿ ತೆರೆಕಂಡು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ರಾಜೀವನೆಂಬ ಯುವಕ ಭಾವನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ಆಸರೆಯಾಗಿ ನಿಂತು, ಕಲ್ಲುನೆಲವನ್ನು ಹಸನು ಮಾಡುತ್ತಾನೆ. ಕೊನೆಗೆ ತಾನು ಸಾಕಿ ಸಲಹಿದವರಿಂದಲೇ ಸಂದೇಹಕ್ಕೆ ಗುರಿಯಾಗಿ, ಒಂದು ಮಾತನ್ನೂ ಆಡದೆ ಮನೆ ಬಿಟ್ಟು ಹೊರಟುಹೋಗುತ್ತಾನೆ. ಗೆಲುವಿಲ್ಲದ, ಸನ್ಮಾನವಿಲ್ಲದ ಆ ನಿರ್ಗಮನವನ್ನು ಜನ ಮತ್ತೆ ಮತ್ತೆ ನೋಡಿದರು. ಬಯಲುಸೀಮೆಯ ಬರವನ್ನು ಕಂಡ ಕಡೂರಿನ ರೈತನಿಗೆ ಅವನ ಸಾಹಸ ಯಾವ ಮಹಾವೀರನದಕ್ಕೂ ಕಡಿಮೆಯಲ್ಲ. ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದ ವಿದ್ಯಾವಂತರ ಮಾತು ಇಂದಿಗೂ ಆ ಚಿತ್ರದ ಹೆಸರಿನೊಡನೆ ಕೇಳಿಬರುತ್ತದೆ.

ಇಲ್ಲಿಗೆ ನಮ್ಮ ನಿಜವಾದ ಪ್ರಶ್ನೆಗೆ ಬಂದೆವು. ಸಿನಿಮಾ ಗೆದ್ದಿತು ಸರಿ. ನೋಡಿದ ನಾವು ಏನಾದೆವು? ಮಹಾವೀರನ ಕಥೆಯಲ್ಲಿ ಒಂದು ಅಪಾಯವೂ ಅಡಗಿದೆ. 1997ರಲ್ಲಿ ದೂರದರ್ಶನದಲ್ಲಿ ಆರಂಭವಾದ 'ಶಕ್ತಿಮಾನ್' ಧಾರಾವಾಹಿಯ ದಿನಗಳಲ್ಲಿ, ಅವನಂತೆ ಹಾರಲು ಹೋಗಿ ಮಕ್ಕಳು ಗಾಯಗೊಂಡ ವರದಿಗಳು ಬಂದವು. ಮಕ್ಕಳ ತಪ್ಪು ಕಣ್ಣಿಗೆ ಕಾಣುತ್ತದೆ. ದೊಡ್ಡವರ ತಪ್ಪು ಅದಕ್ಕೆ ವಿರುದ್ಧವಾದದ್ದು, ಮತ್ತು ಕಾಣದಂಥದ್ದು. ಮಕ್ಕಳು ತಾವೇ ವೀರರೆಂದು ಜಿಗಿಯುತ್ತಾರೆ. ನಾವು, ವೀರನೊಬ್ಬ ಬರುತ್ತಾನೆಂದು ಕುಳಿತುಬಿಡುತ್ತೇವೆ. ಊರಿನ ಅನ್ಯಾಯಕ್ಕೆ, ನೆರೆಮನೆಯ ಹೆಣ್ಣಿನ ಅಳುವಿಗೆ, ಒತ್ತುವರಿಯಾದ ಕೆರೆಗೆ ಯಾರೋ ಒಬ್ಬ ಬಲಶಾಲಿ ಬಂದು ಪರಿಹಾರ ಕೊಡಲಿ ಎಂದು ಕಾಯುತ್ತೇವೆ. ಕತ್ತಲಲ್ಲಿ ಕುಳಿತು ಎರಡೂವರೆ ಗಂಟೆ ನ್ಯಾಯದ ಪರವಾಗಿ ಚಪ್ಪಾಳೆ ತಟ್ಟಿದ ಕೈಗಳು, ಬೆಳಕಿಗೆ ಬಂದೊಡನೆ ಜೇಬು ಸೇರುತ್ತವೆ.

2021ರ ಮಲಯಾಳ ಚಿತ್ರ 'ಮಿನ್ನಲ್ ಮುರಳಿ' ಈ ವಿಷಯದಲ್ಲಿ ಆಲೋಚನೆಗೆ ಹಚ್ಚುತ್ತದೆ. ಅದು ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ಮನೆಯ ಪರದೆಗೆ ಬಂದದ್ದರಿಂದ ಟಿಕೆಟ್ಟಿನ ಲೆಕ್ಕ ಅದಕ್ಕಿಲ್ಲ. ಒಂದೇ ರಾತ್ರಿ ಒಂದೇ ಊರಿನ ಇಬ್ಬರಿಗೆ ಸಿಡಿಲು ಬಡಿದು ಒಂದೇ ಬಗೆಯ ಶಕ್ತಿ ಬರುತ್ತದೆ. ಒಬ್ಬ ದರ್ಜಿ, ಇನ್ನೊಬ್ಬ ಊರವರು ಹುಚ್ಚನೆಂದು ದೂರವಿಟ್ಟವನು. ಮೊದಲನೆಯವನು ರಕ್ಷಕನಾಗುತ್ತಾನೆ, ಎರಡನೆಯವನು ಊರನ್ನೇ ಸುಡಲು ಹೊರಡುತ್ತಾನೆ. ಶಕ್ತಿಯಲ್ಲಿ ಭೇದವಿಲ್ಲ. ಒಬ್ಬನಿಗೆ ತನ್ನವರೆಂದುಕೊಳ್ಳಲು ಒಂದಿಷ್ಟು ಜನರಿದ್ದರು. ಇನ್ನೊಬ್ಬನಿಗೆ ಇದ್ದ ಒಂದೇ ಆಸೆಯನ್ನೂ ಊರು ಉಳಿಯಗೊಡಲಿಲ್ಲ. ಸಿಡಿಲು ಬಡಿಯುವ ಮೊದಲೇ, ಒಬ್ಬನನ್ನು ದೂರವಿಟ್ಟ ದಿನವೇ ಆ ಊರು ತನ್ನ ಕೇಡನ್ನು ಬಿತ್ತಿಕೊಂಡಿತ್ತು. ನಮ್ಮ ಊರುಗಳಲ್ಲಿ ಹಾಗೆ ದೂರವಿಟ್ಟವರು ಯಾರು ಎಂದು ನಾವೂ ನೆನೆಯಬೇಕಾಗಿದೆ.

ತೆರೆಯ ಮೇಲಿನ ವೀರ ನಮ್ಮನ್ನು ಎಬ್ಬಿಸಬಲ್ಲನೇ? ಎಬ್ಬಿಸಬಲ್ಲನು ಎಂಬುದಕ್ಕೂ ಕರ್ನಾಟಕವೇ ಸಾಕ್ಷಿ. 'ಪವರ್ ಸ್ಟಾರ್' ಎಂದು ಕರೆಸಿಕೊಂಡಿದ್ದ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ತೆರೆಯ ಮೇಲೆ ಹತ್ತಾರು ಜನರನ್ನು ಒಂದೇ ಏಟಿಗೆ ಕೆಡಹುತ್ತಿದ್ದ ಆ ದೇಹ ಸಾವಿನ ಮುಂದೆ ನಮ್ಮೆಲ್ಲರ ದೇಹದಂತೆಯೇ ಮಣಿಯಿತು. ಆದರೆ ತಂದೆಯವರ ಹಾದಿಯಲ್ಲಿಯೇ ಅವರ ಕಣ್ಣುಗಳನ್ನು ದಾನ ಮಾಡಲಾಯಿತು; ಅವು ನಾಲ್ವರಿಗೆ ದೃಷ್ಟಿ ಕೊಟ್ಟವು. ಆಮೇಲೆ ನಾಡಿನಲ್ಲೆಲ್ಲ ನೇತ್ರದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಏರಿತು. ಅವರ ಯಾವ ಹೊಡೆದಾಟದ ದೃಶ್ಯವೂ ಮಾಡದ ಕೆಲಸವನ್ನು ಆ ಎರಡು ಕಣ್ಣುಗಳು ಮಾಡಿದವು. ಏಕೆಂದರೆ ಹೊಡೆದಾಟವನ್ನು ನಾವು ನೋಡಬಹುದಷ್ಟೇ. ಕಣ್ಣು ಕೊಡುವುದನ್ನು ನಾವೂ ಮಾಡಬಹುದು.

ತುಮಕೂರಿನಿಂದ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಹಾದು ಹೋಗುತ್ತದೆ. ರಸ್ತೆ ಅಪಘಾತವಾದಾಗ ಸುತ್ತ ನೆರೆದವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಲ್ಲುವುದು ಇಂದು ಎಲ್ಲೆಡೆ ಕೇಳಿಬರುವ ದೂರು. ಪೊಲೀಸು, ಕೋರ್ಟು ಎಂಬ ಅಂಜಿಕೆಯೂ ಅದರ ಹಿಂದೆ ಇತ್ತು. ಆ ಅಂಜಿಕೆಯನ್ನು ಹೋಗಲಾಡಿಸಲು, ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಡುವ ಕಾಯಿದೆಯನ್ನು ಕರ್ನಾಟಕ 2016ರಲ್ಲಿ ರೂಪಿಸಿತು. ಆ ಕಾಯಿದೆಯ ಹೆಸರಿನಲ್ಲಿಯೇ 'ಒಳ್ಳೆಯ ಸಮಾರ್ಯದವನು' ಇದ್ದಾನೆ. ಶುಭಸಂದೇಶದ ಆ ಸಾಮತಿಯನ್ನು ನೀವೆಲ್ಲ ಬಲ್ಲಿರಿ. ಅವನ ಬಳಿ ಇದ್ದ ಶಕ್ತಿಗಳೇನು? ಒಂದಿಷ್ಟು ಎಣ್ಣೆ, ಒಂದಿಷ್ಟು ದ್ರಾಕ್ಷಾರಸ, ಒಂದು ಸವಾರಿಯ ಪ್ರಾಣಿ, ಎರಡು ನಾಣ್ಯ. ಕಳ್ಳರನ್ನು ಬೆನ್ನಟ್ಟಿ ಬಡಿದನೆಂದು ಆ ಕಥೆ ಹೇಳುವುದಿಲ್ಲ. ಅವನು ನಿಂತ, ಬಾಗಿದ, ತನ್ನ ಸಮಯವನ್ನೂ ಹಣವನ್ನೂ ವೆಚ್ಚ ಮಾಡಿದ. ಎರಡು ಸಾವಿರ ವರ್ಷಗಳಾದರೂ ಜನ ಆ ಕಥೆಯನ್ನು ಕೇಳಿ ದಣಿದಿಲ್ಲ.

ಹಾಗಾದರೆ, ಓದುಗರೆ, ಮುಂದಿನ ಸಲ ಮಕ್ಕಳೊಡನೆ ಮಹಾವೀರನ ಸಿನಿಮಾ ನೋಡಿದಾಗ ಅವರನ್ನು ಗದರಿಸಬೇಡಿ. ಆ ಬೆರಗು ಅಮೃತಾಪುರದ ಗೋಡೆಯಷ್ಟೇ ಹಳೆಯದು. ಮನೆಗೆ ಬಂದ ಮೇಲೆ ಅವರನ್ನು ಎರಡು ಮಾತು ಕೇಳಿ: ಅವನು ಆ ಬಲವನ್ನು ಯಾರಿಗಾಗಿ ಬಳಸಿದ? ಅದಕ್ಕಾಗಿ ತಾನು ಏನನ್ನು ಕಳೆದುಕೊಂಡ? ಮಕ್ಕಳಿಗೆ ಹೇಳಲು ಉತ್ತರವಿದ್ದರೆ ಆ ಚಿತ್ರ, ಗೆದ್ದಿರಲಿ ಸೋತಿರಲಿ, ಒಳ್ಳೆಯದು. ಉತ್ತರವಿಲ್ಲದಿದ್ದರೆ ಅದು ಎಷ್ಟು ಕೋಟಿ ಗಳಿಸಿದರೂ ಬರಿಯ ಸದ್ದು. ಅದೇ ಎರಡು ಪ್ರಶ್ನೆಗಳನ್ನು ನಮಗೂ ಹಾಕಿಕೊಳ್ಳೋಣ. ನಮ್ಮೆಲ್ಲರಿಗೂ ಒಂದಿಷ್ಟು ಬಲವಿದೆ. ಒಬ್ಬರಿಗೆ ವಿದ್ಯೆ, ಒಬ್ಬರಿಗೆ ಹಣ, ಒಬ್ಬರಿಗೆ ಹುದ್ದೆ, ಒಬ್ಬರಿಗೆ ಬರಿಯ ಎರಡು ಗಟ್ಟಿ ಕೈಗಳು. ವೀರಗಲ್ಲಿನ ಮೇಲೆ ನಿಂತವನಿಗೂ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ.